ಬ್ಯಾಟರಿ ಚಾರ್ಜ್ ಆಗದಿದ್ದರೆ ಮೊದಲು ವಯರು ನೋಡಿ

ಅಡುಗೆಮನೆ, ಹಾಸಿಗೆ, ಸ್ನಾನದ ಕೋಣೆಗಳನ್ನೆಲ್ಲ ಒಳಗೇ ಇಟ್ಟುಕೊಂಡು ಓಡುವ ಬಸ್ಸಿನ ಗಾತ್ರದ ವಾಹನವೇ ಡೀಸೆಲ್ ಮೋಟರ್‌ಹೋಮ್. 1990ರ ದಶಕದಲ್ಲಿ ಅಮೆರಿಕದಲ್ಲಿ ತಯಾರಾದ ಇಂಥ ವಾಹನಗಳು ಅಲ್ಲಿನ ಹೆದ್ದಾರಿಗಳಲ್ಲಿ ಈಗಲೂ ಓಡಾಡುತ್ತಿವೆ. ಫ್ರೈಟ್‌ಲೈನರ್ ಅಥವಾ ಸ್ಪಾರ್ಟನ್ ಚಾಸಿ, ಹಿಂಭಾಗದಲ್ಲಿ ಕಮಿನ್ಸ್ ಕಂಪನಿಯ 5.9 ಅಥವಾ 8.3 ಲೀಟರಿನ ಆರು ಸಿಲಿಂಡರ್ ಎಂಜಿನ್ ಇವುಗಳಲ್ಲಿ ಸಾಮಾನ್ಯ. ಎಂಜಿನ್ ಹಿಂದಿರುವುದರಿಂದ ಚಾಲಕನಿಗೆ ಸದ್ದಿನ ಕಾಟವಿಲ್ಲ. ಆದರೆ ಹಲವು ಮಾದರಿಗಳಲ್ಲಿ ಬ್ಯಾಟರಿ ಚಾರ್ಜ್ ಮಾಡುವ ಆಲ್ಟರ್ನೇಟರನ್ನು ಮುಟ್ಟಬೇಕೆಂದರೆ ಮಲಗುವ ಕೋಣೆಯ ಹಾಸಿಗೆ ಎತ್ತಿ, ಅದರಡಿಯ ಮುಚ್ಚಳ ತೆಗೆಯಬೇಕು.

ಬ್ಯಾಟರಿ ಚಾರ್ಜ್ ಆಗುತ್ತಿಲ್ಲ ಎಂಬುದು ಈ ಹಳೆಯ ವಾಹನಗಳ ಮಾಮೂಲಿ ದೂರು. ನಮ್ಮ ಮೆಕ್ಯಾನಿಕ್‌ಗಳು ಡೈನಮೋ ಎಂದೇ ಕರೆಯುವ ಆಲ್ಟರ್ನೇಟರನ್ನು ಬದಲಿಸಿಬಿಡುವುದು ಅಷ್ಟೇ ಮಾಮೂಲಿ ಪರಿಹಾರ. ಹೊಸದು ಹಾಕಿದ ಮೇಲೂ ದೂರು ಹಾಗೇ ಉಳಿದರೆ ಆಶ್ಚರ್ಯವಿಲ್ಲ. ಇಷ್ಟು ಉದ್ದದ ವಾಹನದಲ್ಲಿ, ವರ್ಷಗಟ್ಟಲೆ ದೂಳು ತೇವ ಕುಡಿದ ವಯರಿನಲ್ಲಿ ದೋಷ ಅಡಗಿರುವ ಸಾಧ್ಯತೆ ಹೆಚ್ಚು.

ಮೋಟರ್‌ಹೋಮಿನಲ್ಲಿ ಎರಡು ಬಗೆಯ ಬ್ಯಾಟರಿಗಳಿರುತ್ತವೆ. ಒಂದು ಎಂಜಿನ್ ಸ್ಟಾರ್ಟ್ ಮಾಡಲು, ಇನ್ನೊಂದು ಒಳಗಿನ ದೀಪ, ನೀರಿನ ಪಂಪು ಮುಂತಾದ ಮನೆಬಳಕೆಗೆ. ಎರಡನ್ನೂ ಒಂದೇ ಆಲ್ಟರ್ನೇಟರ್ ಚಾರ್ಜ್ ಮಾಡಬೇಕು, ಆದರೆ ರಾತ್ರಿಯಿಡೀ ದೀಪ ಉರಿಸಿದರೆ ಸ್ಟಾರ್ಟಿಂಗ್ ಬ್ಯಾಟರಿ ಬರಿದಾಗಬಾರದು. ಇದಕ್ಕಾಗಿ ನಡುವೆ ಐಸೊಲೇಟರ್ ಎಂಬ ಡಯೋಡ್ ಪೆಟ್ಟಿಗೆ ಇಟ್ಟಿರುತ್ತಾರೆ. ಬಾವಿಯ ಪಂಪಿನ ಫುಟ್‌ವಾಲ್ವ್ ನೀರನ್ನು ಮೇಲಕ್ಕೆ ಮಾತ್ರ ಬಿಡುವಂತೆ, ಇದು ವಿದ್ಯುತ್ತನ್ನು ಆಲ್ಟರ್ನೇಟರಿನಿಂದ ಬ್ಯಾಟರಿಗಳ ಕಡೆಗೆ ಮಾತ್ರ ಬಿಡುತ್ತದೆ. ಪೆಟ್ಟಿಗೆಯ ನಡುವಿನ ಟರ್ಮಿನಲ್ಲಿಗೆ ಆಲ್ಟರ್ನೇಟರಿನ ಕೇಬಲ್, ಅಕ್ಕಪಕ್ಕದವುಗಳಿಗೆ ಒಂದೊಂದು ಬ್ಯಾಟರಿ.

ಹಳೆಯ ವಯರಿಂಗಿನ ತೊಡಕೆಲ್ಲ ಈ ಪೆಟ್ಟಿಗೆಯ ಸುತ್ತಲೇ ಇದೆ. ಡಯೋಡ್ ದಾಟುವಾಗ ಸುಮಾರು 0.7 ವೋಲ್ಟ್ ಸೋರಿಹೋಗುತ್ತದೆ. ಆಲ್ಟರ್ನೇಟರ್ 14.2 ವೋಲ್ಟ್ ಕೊಟ್ಟರೂ ಬ್ಯಾಟರಿಗೆ ಸಿಗುವುದು 13.5 ಮಾತ್ರ, ಇದರಿಂದ ಬ್ಯಾಟರಿ ಸರಿಯಾಗಿ ತುಂಬುವುದಿಲ್ಲ. ಈ ಕೊರತೆ ತುಂಬಲೆಂದೇ ಸ್ಟಾರ್ಟಿಂಗ್ ಬ್ಯಾಟರಿಯಿಂದ ಆಲ್ಟರ್ನೇಟರಿನ ವೋಲ್ಟೇಜನ್ನು ಹಿಡಿತದಲ್ಲಿಡುವ ರೆಗ್ಯುಲೇಟರಿಗೆ ಸೆನ್ಸ್ ವಯರ್ ಎಂಬ ಸಣ್ಣ ತಂತಿ ಎಳೆದಿರುತ್ತಾರೆ. ಬ್ಯಾಟರಿಯಲ್ಲಿ ನಿಜಕ್ಕೂ ಎಷ್ಟು ವೋಲ್ಟೇಜ್ ಇದೆ ಎಂಬುದನ್ನು ರೆಗ್ಯುಲೇಟರ್ ತಿಳಿಯುವುದು ಇದರಿಂದಲೇ. ಇದರ ಜೋಡಣೆಯಲ್ಲಿ ತುಕ್ಕು ಹಿಡಿದರೆ ರೆಗ್ಯುಲೇಟರಿಗೆ ಕಾಣುವ ವೋಲ್ಟೇಜ್ ಕಡಿಮೆಯಾಗುತ್ತದೆ. ಆಗ ಅದು ಅಗತ್ಯಕ್ಕಿಂತ ಹೆಚ್ಚು ಚಾರ್ಜ್ ನೂಕಿ ಬ್ಯಾಟರಿಯ ನೀರು ಕುದಿಸುತ್ತದೆ. ವಯರು ಪೂರ್ತಿ ತುಂಡಾದರೆ ಕೆಲವು ಮಾದರಿಗಳು ಚಾರ್ಜ್ ನಿಲ್ಲಿಸುತ್ತವೆ, ಕೆಲವು ಅತಿಯಾಗಿ ಚಾರ್ಜ್ ಮಾಡುತ್ತವೆ.

ಇನ್ನೊಂದು ಸಣ್ಣ ವಯರೂ ಇದೆ. ಆಲ್ಟರ್ನೇಟರಿನ ರೋಟರ್ ಮೊದಲು ಕಾಂತವಾಗಲು ಹೊರಗಿನಿಂದ ಸ್ವಲ್ಪ ಕರೆಂಟು ಬೇಕು. ಡಯೋಡ್ ಪೆಟ್ಟಿಗೆ ಇರುವಲ್ಲಿ ಬ್ಯಾಟರಿಯ ಕರೆಂಟು ದಪ್ಪ ಕೇಬಲ್ಲಿನ ಮೂಲಕ ಆಲ್ಟರ್ನೇಟರಿಗೆ ಹಿಂದಿರುಗಿ ಬರಲಾರದು. ಆದ್ದರಿಂದ ಇಗ್ನಿಷನ್ ಕೀಲಿಯಿಂದ ಬೇರೆ ವಯರು ಬರುತ್ತದೆ, ಹಲವೆಡೆ ಡ್ಯಾಶ್‌ಬೋರ್ಡಿನ ಎಚ್ಚರಿಕೆ ದೀಪದ ಮೂಲಕವೇ. ಮೂರು ಕಾಸಿನ ಬಲ್ಬು ಸುಟ್ಟರೂ ಚಾರ್ಜಿಂಗ್ ನಿಂತುಬಿಡಬಹುದು. ಕಾರಿಗೆ ಸರಿಹೊಂದುವ ಸಾಧಾರಣ ಆಲ್ಟರ್ನೇಟರನ್ನು ತಂದು ಕೂರಿಸಿದಾಗ ಅದು ಕೆಲವೊಮ್ಮೆ ಚಾರ್ಜ್ ಶುರುಮಾಡದಿರುವುದಕ್ಕೂ ಕಾರಣ ಇದೇ: ಬೇಕಾದ ಮೊದಲ ಕರೆಂಟನ್ನು ಅದು ದಪ್ಪ ಕೇಬಲ್ಲಿನಲ್ಲೇ ನಿರೀಕ್ಷಿಸುತ್ತದೆ.

ಪರೀಕ್ಷೆಗೆ ಒಂದು ಡಿಜಿಟಲ್ ಮಲ್ಟಿಮೀಟರ್ ಸಾಕು. ಬೆಲ್ಟಿನ ಬಿಗಿತ, ಫ್ಯೂಸುಗಳು ಸರಿಯಿವೆಯೇ ಎಂದು ನೋಡಿದ ಮೇಲೆ, ಎಂಜಿನ್ ನಿಂತಿರುವಾಗ ಬ್ಯಾಟರಿ ಅಳೆಯಬೇಕು. ಕೆಲ ಗಂಟೆ ಸುಮ್ಮನಿದ್ದ ತುಂಬಿದ ಬ್ಯಾಟರಿ 12.6 ವೋಲ್ಟ್ ತೋರಿಸುತ್ತದೆ, 12.2 ಇದ್ದರೆ ಅರ್ಧ ಖಾಲಿ. ಕೀಲಿ ತೆಗೆದಿರುವಾಗ ಐಸೊಲೇಟರಿನ ನಡುವಿನ ಟರ್ಮಿನಲ್ ಬಹುಮಟ್ಟಿಗೆ ಸೊನ್ನೆ ತೋರಿಸಬೇಕು. ಅಲ್ಲಿ ಬ್ಯಾಟರಿಯಷ್ಟೇ ವೋಲ್ಟೇಜ್ ಕಂಡರೆ ಒಳಗಿನ ಡಯೋಡ್ ಶಾರ್ಟ್ ಆಗಿದೆ. ಎಂಜಿನ್ ಓಡುವಾಗ ನಡುವಿನ ಟರ್ಮಿನಲ್, ಅಕ್ಕಪಕ್ಕದವುಗಳಿಗಿಂತ ಸುಮಾರು 0.7 ವೋಲ್ಟ್ ಹೆಚ್ಚಿದ್ದರೆ ಪೆಟ್ಟಿಗೆ ಸರಿಯಿದೆ.

ಮುಂದಿನ ಪರೀಕ್ಷೆಯನ್ನು ಅನೇಕರು ಬಿಟ್ಟುಬಿಡುತ್ತಾರೆ, ಆದರೆ ಎಲ್ಲಕ್ಕಿಂತ ಹೆಚ್ಚು ಹೇಳುವುದು ಅದೇ. ಹೆಡ್‌ಲೈಟು, ಫ್ಯಾನುಗಳನ್ನು ಹಾಕಿ, ಎಂಜಿನ್ನನ್ನು ನಿಮಿಷಕ್ಕೆ 1,500 ಸುತ್ತಿನ ಆಸುಪಾಸಿನಲ್ಲಿ ಓಡಿಸಿ, ದಪ್ಪ ಕೇಬಲ್ಲಿನ ಎರಡು ತುದಿಗಳಿಗೆ ಮೀಟರಿನ ಕಡ್ಡಿಗಳನ್ನು ಒತ್ತಬೇಕು. ಒಳ್ಳೆಯ ಕೇಬಲ್ಲಿನಲ್ಲಿ ನಷ್ಟ 0.2 ವೋಲ್ಟಿನ ಒಳಗಿರುತ್ತದೆ. ಬರೀ ಕಂಟಿನ್ಯುಟಿ, ಅಂದರೆ ಸಂಪರ್ಕ ಇದೆಯೇ ಎಂಬುದನ್ನಷ್ಟೇ ನೋಡಿದರೆ ಮೋಸ ಹೋಗುವುದು ಸುಲಭ, ಏಕೆಂದರೆ ನೂರು ಎಳೆಗಳ ಪೈಕಿ ಒಂದೇ ಎಳೆ ಉಳಿದಿದ್ದರೂ ಮೀಟರು ಪೀಂ ಎನ್ನುತ್ತದೆ. ತುಕ್ಕು ಹಿಡಿದ ಜೋಡಣೆಯೊಂದರಲ್ಲಿ 0.01 ಓಮ್ ತಡೆ ಇದ್ದು, 100 ಆಂಪಿಯರ್ ಹರಿದರೆ ಅಲ್ಲೇ ಒಂದು ವೋಲ್ಟ್ ಹೋಗುತ್ತದೆ. 100 ವಾಟ್ ಶಾಖವೂ ಹುಟ್ಟುತ್ತದೆ. ಆಲ್ಟರ್ನೇಟರಿನ ಮೈಯಿಂದ ಬ್ಯಾಟರಿಯ ನೆಗೆಟಿವ್ ತುದಿಯವರೆಗೂ ಇದೇ ರೀತಿ ಅಳೆಯಬೇಕು. ಎಂಜಿನ್ನಿಗೂ ಚಾಸಿಗೂ ನಡುವಿನ ಅರ್ಥ್ ಪಟ್ಟಿ ಬಣ್ಣ, ಎಣ್ಣೆ, ತುಕ್ಕುಗಳ ಅಡಿಯಲ್ಲಿ ಕಳೆದುಹೋಗಿರುವುದು ಅಪರೂಪವಲ್ಲ. ನಮ್ಮ ಭಾರಿ ಲಾರಿ, ಬಸ್ಸುಗಳ 24 ವೋಲ್ಟ್ ವಯರಿಂಗಿಗೂ ಈ ಕ್ರಮ ಒಗ್ಗುತ್ತದೆ. ಬ್ಯಾಟರಿಯ ಅಂಕಿಗಳು ಮಾತ್ರ ದುಪ್ಪಟ್ಟಾಗುತ್ತವೆ.

ಚಳಿಯ ಬೆಳಗಿನಲ್ಲಿ ಡ್ಯಾಶ್‌ಬೋರ್ಡಿನ ವೋಲ್ಟ್‌ಮೀಟರಿನ ಮುಳ್ಳು ಆಗಾಗ ಕುಸಿಯುವುದನ್ನು ದೋಷವೆಂದು ಎಣಿಸಬಾರದು. ಕಮಿನ್ಸ್ 5.9 ಎಂಜಿನ್ನಿನಲ್ಲಿ ಒಳಬರುವ ಗಾಳಿಯನ್ನು ಕಾಯಿಸುವ ಹೀಟರ್ ಇದ್ದು, ಅದು ಸುಮಾರು 200 ಆಂಪಿಯರ್ ಎಳೆಯುತ್ತದೆ. ಸ್ಟಾರ್ಟ್ ಆದ ಮೇಲೂ ಕೆಲವು ನಿಮಿಷ ಅದು ಹೊತ್ತಿ ಆರುತ್ತಿರುತ್ತದೆ.

ಎಂಜಿನ್ ಓಡುತ್ತಿರುವಾಗ ಬ್ಯಾಟರಿ ಕೇಬಲ್ ಕಿತ್ತು ನೋಡುವ ಹಳೆಯ ಪದ್ಧತಿ ಮಾತ್ರ ಬೇಡವೇ ಬೇಡ. ಆ ಕ್ಷಣದಲ್ಲಿ ಏರುವ ವೋಲ್ಟೇಜು ಡಯೋಡು, ರೆಗ್ಯುಲೇಟರುಗಳನ್ನು ಸುಟ್ಟುಹಾಕಬಲ್ಲದು. ಯಾವುದೇ ವಯರು ಬಿಚ್ಚುವ ಮೊದಲು ಎಂಜಿನ್ ನಿಲ್ಲಿಸಿ, ನೆಗೆಟಿವ್ ಕೇಬಲ್ ತೆಗೆದಿಡಬೇಕು.

ಇಷ್ಟೆಲ್ಲ ಸರಿಯಿದ್ದೂ ಆಲ್ಟರ್ನೇಟರಿನ ಔಟ್‌ಪುಟ್ ಟರ್ಮಿನಲ್ಲಿನಲ್ಲೇ ವೋಲ್ಟೇಜ್ ಏಳದಿದ್ದರೆ ಆಗ ಅದನ್ನು ಬಿಚ್ಚಿ ಬ್ರಷ್, ರೆಗ್ಯುಲೇಟರ್ ಪರೀಕ್ಷಿಸಬೇಕು. ಬದಲಿಸಲೇಬೇಕಾಗಿ ಬಂದರೆ ಆಂಪಿಯರ್ ಒಂದನ್ನೇ ನೋಡಿ ಕೊಳ್ಳಬಾರದು. ಹಳೆಯದರಲ್ಲಿದ್ದಂತೆ ಸೆನ್ಸ್ ಮತ್ತು ಇಗ್ನಿಷನ್ ವಯರುಗಳಿಗೆ ಪ್ರತ್ಯೇಕ ಟರ್ಮಿನಲ್ ಇದೆಯೇ ಎಂದು ಅಂಗಡಿಯಲ್ಲೇ ನೋಡಿಕೊಳ್ಳಬೇಕು.