ಮೈಕ್ ಇಲ್ಲದ ಕಾಲದ ಎಂಟು ಗೋಡೆಗಳು

ಮೈಕ್ ಕೈಕೊಟ್ಟ ದಿನ ಸೆಮಿನಾರ್ ಹಾಲಿನ ಹಿಂದಿನ ಸಾಲಿಗೆ ಏನು ಕೇಳಿಸುತ್ತೆ ಅಂತ ನಿಮಗೆ ಹೇಳಬೇಕಾಗಿಲ್ಲ. ಇನ್ನೂರೈವತ್ತು ವರ್ಷದ ಹಿಂದೆ ಎಲ್ಲ ದಿನವೂ ಮೈಕ್ ಇಲ್ಲದ ದಿನವೇ. ಒಬ್ಬರ ಮಾತು ನೂರಾರು ಜನಕ್ಕೆ ಮುಟ್ಟಬೇಕಾದರೆ ಕಟ್ಟಡದ ಆಕಾರವೇ ಆ ಕೆಲಸ ಮಾಡಬೇಕಿತ್ತು. ಈ ಸಲ ನಾವು ಹೇಳಹೊರಟಿರುವುದು ಅಂಥದ್ದೊಂದು ಕಟ್ಟಡದ ಬಗ್ಗೆ: ಇಂಗ್ಲೆಂಡಿನ ಯಾರ್ಕ್‌ಷೈರ್ ಸೀಮೆಯ ಹೆಪ್ಟನ್‌ಸ್ಟಾಲ್ ಎಂಬ ಪುಟ್ಟ ಊರಿನ ಮೆಥಡಿಸ್ಟ್ ಚರ್ಚು.

ಹೆಪ್ಟನ್‌ಸ್ಟಾಲ್ ಇರುವುದು ಗುಡ್ಡದ ನೆತ್ತಿಯ ಮೇಲೆ. ಆಗ ಅದು ಕೈಮಗ್ಗದವರ ಊರು. ಮನೆಯಲ್ಲೇ ಮಗ್ಗ, ಅದಕ್ಕೆ ಬೆಳಕು ಬೀಳಲಿ ಅಂತ ಸಾಲು ಸಾಲು ಕಿಟಕಿ. ಊರಿಗೆ ಹಳೆಯ ಚರ್ಚು ಇದ್ದೇ ಇತ್ತು. (ಕವಯಿತ್ರಿ ಸಿಲ್ವಿಯಾ ಪ್ಲಾತ್ ಸಮಾಧಿ ಇರೋದು ಇದೇ ಊರಲ್ಲಿ. ಸಾಹಿತ್ಯದ ಗೀಳಿನವರು ಈ ಹೆಸರು ಕೇಳಿದ್ದರೆ ಬಹುಶಃ ಅದಕ್ಕೇ.) ಹಾಗಿದ್ದರೂ ಇನ್ನೊಂದು ಯಾಕೆ ಬೇಕಾಯ್ತು?

ಮೆಥಡಿಸ್ಟ್ ಪಂಥ ಹುಟ್ಟುಹಾಕಿದ ಜಾನ್ ವೆಸ್ಲಿ (1703–1791) ಇಂಗ್ಲೆಂಡಿನ ಅಧಿಕೃತ ಚರ್ಚಿನ ಪಾದ್ರಿಯೇ. ಆದರೆ ಎಷ್ಟೋ ಚರ್ಚುಗಳು ಅವರಿಗೆ ಬಾಗಿಲು ಹಾಕಿದವು. ಅವರು ಕುದುರೆ ಹತ್ತಿ ಊರೂರು ಸುತ್ತಿ ಬಯಲಲ್ಲೇ ಬೋಧಿಸಿದರು. ಕೇಳಲು ಬಂದವರಲ್ಲಿ ನೇಕಾರರು, ಗಣಿ ಕೆಲಸದವರೇ ಬಹಳ. (ನಮಗೂ ಈ ಹೆಸರು ಹೊಸದಲ್ಲ. ಮೈಸೂರಿನಲ್ಲಿ ಕನ್ನಡ ಪುಸ್ತಕಗಳನ್ನು ಅಚ್ಚು ಹಾಕಿದ ವೆಸ್ಲಿ ಪ್ರೆಸ್ ಇದೇ ಪಂಥದ ಮಿಷನರಿಗಳದ್ದು.) ಮಳೆ, ಚಳಿಯಲ್ಲಿ ಬಯಲು ಸಾಲದು. ಹಾಗಾಗಿ ಊರೂರಲ್ಲಿ ಬೋಧನೆಗೆಂದೇ ಮನೆ ಕಟ್ಟತೊಡಗಿದರು. ಅಲ್ಲಿ ಮೆರವಣಿಗೆ ಇಲ್ಲ, ದೊಡ್ಡ ಪೂಜಾಪೀಠ ಇಲ್ಲ. ಮುಖ್ಯವಾದದ್ದು ಮಾತು ಕೇಳಿಸಬೇಕು, ಅಷ್ಟೇ.

1757ರಲ್ಲಿ ವೆಸ್ಲಿ ನಾರಿಚ್ ನಗರದಲ್ಲಿ ಬೇರೆ ಪಂಥದವರು ಕಟ್ಟಿದ್ದ ಎಂಟು ಮೂಲೆಯ ಪ್ರಾರ್ಥನಾ ಮಂದಿರ ನೋಡಿ ಮೆಚ್ಚಿಕೊಂಡರು. ಆಮೇಲೆ ತಮ್ಮವರಿಗೆ, ಜಾಗ ಒದಗಿದರೆ ಹೀಗೇ ಕಟ್ಟಿ, ದನಿಗೆ ಇದೇ ಒಳ್ಳೆಯದು ಎಂದು ಸಲಹೆಯನ್ನೂ ಕೊಟ್ಟರು.

ಲೆಕ್ಕ ಹಾಕಿ ನೋಡೋಣ. 100 ಚದರ ಮೀಟರ್ ನೆಲ ಅಂತ ಇಟ್ಟುಕೊಳ್ಳಿ. 20 ಮೀಟರ್ ಉದ್ದ, 5 ಮೀಟರ್ ಅಗಲದ ಹಾಲಿನ ಒಂದು ತುದಿಯಲ್ಲಿ ನಿಂತು ಮಾತಾಡಿದರೆ ಅತಿ ದೂರದ ಕೇಳುಗ 20 ಮೀಟರ್ ಆಚೆ. ಅದೇ ನೆಲವನ್ನು ಸಮ ಅಷ್ಟಭುಜ ಮಾಡಿದರೆ ಎದುರು ಗೋಡೆಗೆ 11 ಮೀಟರ್ ಮಾತ್ರ. ನೇರವಾಗಿ ಬರುವ ದನಿ ಸುಮಾರು 5 ಡೆಸಿಬೆಲ್ ಹೆಚ್ಚು ಸಿಗುತ್ತೆ. ಗೋಡೆಯ ಒಟ್ಟು ಉದ್ದವೂ 50 ಮೀಟರಿನಿಂದ ಸುಮಾರು 36ಕ್ಕೆ ಇಳಿಯುತ್ತೆ. ನೇಕಾರರು ಕೈಯಿಂದ ದುಡ್ಡು ಹಾಕಿ ಕಟ್ಟುವಾಗ ಅಷ್ಟು ಕಲ್ಲು ಉಳಿದರೆ ಸಣ್ಣ ವಿಷಯ ಅಲ್ಲ.

ಕಷ್ಟ ಇರೋದು ಮೇಲೆ. ಎಂಟು ಇಳಿಜಾರು ಮಧ್ಯದಲ್ಲಿ ಸೇರಬೇಕು. ಪ್ರತಿ ಮೂಲೆಯ ತೊಲೆಯನ್ನೂ ಎರಡು ಕಡೆಯಿಂದ ಓರೆಯಾಗಿ ಕೊಯ್ಯಬೇಕು. ಜೊತೆಗೆ ಚಾವಣಿ ಗೋಡೆಗಳನ್ನು ಹೊರಕ್ಕೆ ತಳ್ಳದಂತೆ ಬಿಗಿದು ಕಟ್ಟಬೇಕು. ಇದು ಎಲ್ಲ ಬಡಗಿಗಳ ಕೈಲಿ ಆಗೋ ಕೆಲಸ ಅಲ್ಲ. 1764ರಲ್ಲಿ ಹೆಪ್ಟನ್‌ಸ್ಟಾಲಿನಲ್ಲಿ ಕೆಲಸ ನಡೆದಾಗ, ಈ ಮೊದಲೇ ಇಂಥದ್ದೊಂದು ಕಟ್ಟಿದ್ದ ರಾದರಮ್ ಊರಿನಲ್ಲಿ ಚಾವಣಿ ಸಿದ್ಧ ಮಾಡಿಸಿ, ಬಿಡಿ ಭಾಗಗಳನ್ನು ಹೇರುಕುದುರೆಗಳ ಮೇಲೆ ಗುಡ್ಡ ದಾಟಿಸಿ ತಂದರಂತೆ. ದಾರಿಯುದ್ದಕ್ಕೂ ಜನ ಎದುರುಗೊಂಡು ಹಾಡಿದರು ಅಂತಲೂ ಹೇಳ್ತಾರೆ. ಪ್ರೀಫ್ಯಾಬ್ರಿಕೇಶನ್ ಅನ್ನೋದು ನಮ್ಮ ಸಿಲಬಸ್ಸಿಗೆ ಬಂದದ್ದು ತಡವಾಗಿ, ಅಷ್ಟೇ.

ನಲವತ್ತು ವರ್ಷ ತುಂಬುವ ಮೊದಲೇ ಜಾಗ ಸಾಲದಾಯ್ತು. ಅಷ್ಟಭುಜದ ದೊಡ್ಡ ತೊಂದರೆ ಇದೇ. ಉದ್ದನೆಯ ಹಾಲಿಗೆ ಇನ್ನೊಂದು ಅಂಕಣ ಸೇರಿಸಿದರೆ ಆಯ್ತು, ಎಂಟು ಮೂಲೆಯದ್ದನ್ನು ಯಾವ ಕಡೆ ಬೆಳೆಸೋದು? ಪೂರ್ತಿ ಕೆಡವಿ ಆಯತಾಕಾರದ್ದು ಕಟ್ಟುವುದೇ ಸುಲಭದ ದಾರಿ. ಹೆಪ್ಟನ್‌ಸ್ಟಾಲಿನವರು ಹಾಗೆ ಮಾಡಲಿಲ್ಲ. 1802ರಲ್ಲಿ ಒಂದು ತುದಿಯ ಗೋಡೆಯನ್ನಷ್ಟೇ ಬಿಚ್ಚಿ, ಎರಡು ಪಕ್ಕದ ಗೋಡೆಗಳನ್ನು ಮುಂದಕ್ಕೆ ಎಳೆದು, ಆ ತುದಿಯನ್ನು ಮತ್ತೆ ಮೊದಲಿನ ಹಾಗೇ ಮೂಲೆ ಮುರಿದು ಕಟ್ಟಿದರು. ಮೇಲೆ ಲೆಕ್ಕ ಹಾಕಿದ ಲಾಭದಲ್ಲಿ ಒಂದಿಷ್ಟು ಹೋಯ್ತು, ನಿಜ. ಹಿಂದಿನ ಸಾಲು ಇನ್ನೂ ಹಿಂದಕ್ಕೆ ಸರಿಯಿತು. ಆದರೆ ಹೊರಗೆ ನಿಲ್ಲುತ್ತಿದ್ದವರಿಗೆ ಒಳಗೆ ಜಾಗ ಸಿಕ್ಕಿತು. ನಮ್ಮ ಮಟ್ಟಿಗೆ ಅದು ಸರಿಯಾದ ಟ್ರೇಡ್ ಆಫ್.

ಕಟ್ಟಡ ಇವತ್ತಿಗೂ ನಿಂತಿದೆ. ಎರಡು ಪಕ್ಕ ಉದ್ದ, ಉಳಿದ ಆರು ಗಿಡ್ಡ. ಮೂಲೆ ಎಣಿಸಿದರೆ ಈಗಲೂ ಎಂಟೇ.