ಚಲನ್‌ನಲ್ಲಿ ಅಕ್ಷರ ತಪ್ಪಿದರೆ ದಂಡ ತಪ್ಪುವುದೇ?

ಸಂಚಾರ ಪೊಲೀಸರ ಚಲನ್‌ನಲ್ಲಿ ಒಂದಕ್ಷರ ತಪ್ಪಿದ್ದರೂ ದಂಡ ತಾನಾಗಿ ರದ್ದಾಗುತ್ತದೆ ಎಂಬ ನಂಬಿಕೆ ನಮ್ಮಲ್ಲಿ ಹಲವರಿಗಿದೆ. ತಪ್ಪೋ ಸರಿಯೋ, ನೂರಿನ್ನೂರು ರೂಪಾಯಿಗಾಗಿ ಅಲೆದಾಡುವುದೇಕೆ, ಕಟ್ಟಿಬಿಡೋಣ ಎನ್ನುವವರೂ ಇದ್ದಾರೆ. ಎರಡೂ ಸರಿಯಲ್ಲ.

ಮೊದಲು ಕಾನೂನಿನ ಮಾತು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 238ನೆಯ ಕಲಂ ಪ್ರಕಾರ, ದೋಷಾರೋಪದ ವಿವರಗಳಲ್ಲಿ ತಪ್ಪು ನುಸುಳಿದ ಮಾತ್ರಕ್ಕೆ ಅದು ಗಣನೀಯವಾಗದು. ಆ ತಪ್ಪಿನಿಂದ ಆಪಾದಿತನು ನಿಜವಾಗಿಯೂ ದಾರಿತಪ್ಪಿರಬೇಕು, ನ್ಯಾಯಕ್ಕೆ ಚ್ಯುತಿ ಬಂದಿರಬೇಕು. 1973ರ ಹಳೆಯ ಸಂಹಿತೆಯ 215ನೆಯ ಕಲಂ ಕೂಡ ಇದನ್ನೇ ಹೇಳುತ್ತಿತ್ತು. ಚಲನ್ ಎಂಬುದು ನ್ಯಾಯಾಲಯ ಹೊರಿಸುವ ದೋಷಾರೋಪವಲ್ಲ, ನಿಜ. ಆದರೂ ಬರವಣಿಗೆಯ ಲೋಪಗಳನ್ನು ಕಾನೂನು ಯಾವ ದೃಷ್ಟಿಯಿಂದ ನೋಡುತ್ತದೆ ಎಂಬುದು ಇದರಿಂದ ತಿಳಿಯುತ್ತದೆ.

ಆದ್ದರಿಂದ ಕುಲಕರ್ಣಿ ಎಂಬ ಹೆಸರು ಕುಲ್ಕರ್ಣಿ ಎಂದಾಗಿದ್ದರೆ, ಮನೆಯ ಸಂಖ್ಯೆ ಹಳೆಯದಾಗಿದ್ದರೆ, ಅದನ್ನೇ ಹಿಡಿದು ಪಾರಾಗುವುದು ಕಷ್ಟ. ವಾಹನ ನಮ್ಮದು, ಚಿತ್ರ ನಮ್ಮದು, ತಲೆಯ ಮೇಲೆ ಹೆಲ್ಮೆಟ್ ಇಲ್ಲದಿರುವುದೂ ಚಿತ್ರದಲ್ಲಿ ಸ್ಪಷ್ಟ ಎಂದಮೇಲೆ ಕಾಗುಣಿತದ ತಪ್ಪು ನಮ್ಮನ್ನು ಕಾಯದು.

ವಾಹನದ ಸಂಖ್ಯೆಯೇ ತಪ್ಪಾಗಿದ್ದರೆ ವಿಷಯ ಬೇರೆ. ಆಗ ದೋಷವಿರುವುದು ಬರವಣಿಗೆಯಲ್ಲಿ ಮಾತ್ರವಲ್ಲ. ಒಬ್ಬರ ಅಪರಾಧ ಇನ್ನೊಬ್ಬರ ತಲೆಗೆ ಬಂದಿರುತ್ತದೆ. ನಮ್ಮ ನಗರದಲ್ಲಿ ಇದಕ್ಕೆ ಅವಕಾಶ ಹೆಚ್ಚು. 2014ರಲ್ಲಿ ತೆಲಂಗಾಣ ಉದಯಿಸಿದ ಮೇಲೆ ಎಪಿ ಸಂಕೇತದ ಬದಲು ಟಿಎಸ್ ಬಂತು. 2024ರ ಮಾರ್ಚ್‌ನಲ್ಲಿ ಟಿಎಸ್ ಬದಲು ಟಿಜಿ ಬಂತು. ಹಳೆಯ ವಾಹನಗಳು ಹಳೆಯ ಸಂಕೇತದಲ್ಲೇ ಓಡುತ್ತಿವೆ. ಖೈರತಾಬಾದಿನ ಸಂಕೇತ 09. ಮೈಸೂರಿನಿಂದ ಬಂದ ಬಂಧುಗಳ ಕೆಎ 09 ವಾಹನಗಳೂ ಇದೇ ರಸ್ತೆಗಳಲ್ಲಿವೆ. ಮೊದಲ ಎರಡಕ್ಷರ ಬದಲಾದರೆ ಅದು ಬೇರೆಯೇ ವಾಹನ. ಮಸುಕಾದ ಫಲಕದಲ್ಲಿ 3 ಎಂಬುದು 8 ಆಗಿ ಕಾಣುವುದೂ ಉಂಟು.

ಕ್ಯಾಮೆರಾ ಆಧಾರಿತ ಚಲನ್‌ಗಳಿಗಾಗಿ ಕೇಂದ್ರ ಮೋಟಾರು ವಾಹನ ನಿಯಮಗಳಿಗೆ 2021ರ ಆಗಸ್ಟ್‌ನಲ್ಲಿ 167ಎ ನಿಯಮ ಸೇರಿತು. ಅಪರಾಧವನ್ನೂ ಸಂಖ್ಯಾಫಲಕವನ್ನೂ ಸ್ಪಷ್ಟವಾಗಿ ತೋರಿಸುವ ಚಿತ್ರ, ದಿನಾಂಕ, ವೇಳೆ, ಸ್ಥಳ ಹಾಗೂ ಉಲ್ಲಂಘಿಸಿದ ಕಲಂ ಚಲನ್‌ನಲ್ಲಿ ಇರಬೇಕೆಂದು ಅದು ವಿಧಿಸಿತು. ಕಾಚಿಗುಡದಲ್ಲಿ ನಿಂತಿದ್ದ ಕಾರಿಗೆ ಗಚ್ಚಿಬೌಲಿಯಲ್ಲಿ ವೇಗ ಮೀರಿದ ಚಲನ್ ಬಂದರೆ ನಾವು ಮೊದಲು ನೋಡಬೇಕಾದುದು ಆ ಚಿತ್ರವನ್ನೇ. ವಾಹನದ ಬಣ್ಣ, ಮಾದರಿ, ಫಲಕಗಳನ್ನು ನೋಂದಣಿ ಪತ್ರದೊಡನೆ ಹೋಲಿಸಿ, ವ್ಯತ್ಯಾಸವಿದ್ದರೆ ಚಲನ್‌ನ ಸಂಖ್ಯೆ, ನೋಂದಣಿ ಪತ್ರದ ಪ್ರತಿ ಮತ್ತು ನಮ್ಮ ವಾಹನದ ಚಿತ್ರದೊಡನೆ ಸಂಚಾರ ಪೊಲೀಸರಿಗೆ ಲಿಖಿತ ದೂರು ಕೊಡಬೇಕು. ಚಲನ್‌ನಲ್ಲಿ ಹೇಳಿದ ಅವಧಿ ಮೀರುವ ಮುನ್ನವೇ ಇದಾಗಬೇಕು.

ಹಣ ಕಟ್ಟಿದ ಮೇಲೆ ಆಕ್ಷೇಪಿಸುವುದು ಕಠಿಣ. ಮೋಟಾರು ವಾಹನ ಕಾಯಿದೆಯ 200ನೆಯ ಕಲಂ ಅಡಿ ದಂಡ ಪಾವತಿಯೆಂದರೆ ರಾಜಿ; ಪ್ರಕರಣ ಅಲ್ಲಿಗೆ ಮುಗಿಯುತ್ತದೆ. 2022ರ ಮಾರ್ಚ್‌ನಲ್ಲಿ ದ್ವಿಚಕ್ರ ವಾಹನಗಳ ಬಾಕಿ ದಂಡಕ್ಕೆ ಶೇಕಡ 75ರಷ್ಟು, 2023ರ ಡಿಸೆಂಬರ್ ಕೊನೆಯಲ್ಲಿ ಶೇಕಡ 80ರಷ್ಟು ರಿಯಾಯಿತಿ ದೊರೆತಿತ್ತು. ಇಂತಹ ರಿಯಾಯಿತಿಯ ಭರದಲ್ಲಿ ತಮ್ಮದಲ್ಲದ ಚಲನ್‌ಗಳನ್ನೂ ಕಟ್ಟಿಬಿಡುವುದು ಸುಲಭ.

ಚಿತ್ರದಲ್ಲಿ ನಮ್ಮದೇ ಸಂಖ್ಯೆಯ ಫಲಕ ಹೊತ್ತ ಬೇರೊಂದು ವಾಹನ ಕಂಡರೆ ಅದು ಗುಮಾಸ್ತರ ಕೈತಪ್ಪಲ್ಲ; ಯಾರೋ ನಮ್ಮ ಸಂಖ್ಯೆಯನ್ನು ಕದ್ದಿದ್ದಾರೆ. ಆಗ ದಂಡ ಕಟ್ಟಿ ಸುಮ್ಮನಾಗುವುದು ಅಪಾಯಕರ. ಆ ವಾಹನ ನಾಳೆ ಅಪಘಾತಕ್ಕೆ ಕಾರಣವಾದರೆ ಪೊಲೀಸರು ಮೊದಲು ಬರುವುದು ನಮ್ಮ ಬಾಗಿಲಿಗೆ. ತಡಮಾಡದೆ ಠಾಣೆಯಲ್ಲಿ ದೂರು ದಾಖಲಿಸಿ ಸ್ವೀಕೃತಿ ಪಡೆಯಬೇಕು.

ಹಿರಿಯರ ಹೆಸರಿನ ವಾಹನವನ್ನು ಮಕ್ಕಳು ನಡೆಸುವುದು ನಮ್ಮ ಮನೆಗಳಲ್ಲಿ ಸಾಮಾನ್ಯ. ಕೇಳಿದಾಗ ಚಾಲಕನ ವಿವರ ನೀಡುವುದು 133ನೆಯ ಕಲಂ ಪ್ರಕಾರ ಮಾಲೀಕರ ಹೊಣೆ. ಹೀಗಾಗಿ ಚಲನ್ ತಪ್ಪೆಂದು ಆಕ್ಷೇಪಿಸುವ ಮುನ್ನ ಆ ದಿನ ವಾಹನ ಯಾರ ಕೈಯಲ್ಲಿತ್ತು ಎಂದು ಮನೆಯಲ್ಲೇ ವಿಚಾರಿಸುವುದು ಒಳಿತು.