ಹಳೆಯ ಮೋಟಾರು ಕಾರನ್ನು ಕೊಳ್ಳುವ ಬಗೆ

ಹುಬ್ಬಳ್ಳಿಯಿಂದ ಧಾರವಾಡಕ್ಕೆ ಹೋಗುವ ದಾರಿಯಲ್ಲಿ, ಉಣಕಲ್ಲನ್ನು ದಾಟಿದೊಡನೆ ಬೈರಿದೇವರಕೊಪ್ಪವು ಸಿಕ್ಕುತ್ತದೆ. ಒಂದು ಕಾಲಕ್ಕೆ ಬೇರೆ ಹಳ್ಳಿಯಾಗಿದ್ದ ಈ ಊರು ಇಂದು ಅವಳಿ ನಗರದೊಳಗೆ ಸೇರಿಹೋಗಿದೆ. ೨೦೧೮ರಲ್ಲಿ ಚಿಗರಿ ಬಸ್ಸುಗಳ ಓಡಾಟವು ಮೊದಲಾದ ಮೇಲೆ ಎರಡು ಊರುಗಳ ನಡುವಣ ಪ್ರಯಾಣವು ಸುಲಭವಾಯಿತೆಂಬುದು ನಿಜ. ಆದರೂ ಮನೆಯಲ್ಲಿ ಮುಪ್ಪಿನವರಿರುವವರು, ದೂರದ ಹಳ್ಳಿಯಲ್ಲಿ ಹೊಲಮನೆ ಉಳ್ಳವರು, ತಮ್ಮದೇ ಆದ ಒಂದು ಕಾರು ಇರಬೇಕೆಂದು ಬಯಸುವುದು ಸಹಜವೇ. ಹೊಸ ಕಾರಿನ ಬೆಲೆಯು ಕೈಗೆಟುಕದಿದ್ದಾಗ ದೃಷ್ಟಿಯು ಹಳೆಯದರ ಕಡೆಗೆ ತಿರುಗುತ್ತದೆ. ಇಂಥವರಿಗೆ ಉಪಯೋಗವಾಗಬಹುದಾದ ನಾಲ್ಕು ಮಾತುಗಳನ್ನು ಇಲ್ಲಿ ಹೇಳಬೇಕೆಂದಿದ್ದೇನೆ.

ನಮ್ಮ ಒಕ್ಕಲಿಗನು ಎತ್ತನ್ನು ಕೊಳ್ಳುವ ರೀತಿಯನ್ನು ಎಲ್ಲರೂ ಬಲ್ಲರು. ಅವನು ಬಾಯಿ ತೆರೆಯಿಸಿ ಹಲ್ಲು ನೋಡುತ್ತಾನೆ, ಗೊರಸು ನೋಡುತ್ತಾನೆ, ನಡೆಯಿಸಿ ನೋಡುತ್ತಾನೆ. ಯಾರ ಮನೆಯ ಎತ್ತೆಂಬುದನ್ನೂ ವಿಚಾರಿಸುತ್ತಾನೆ. ಮಾರುವವನ ಹೊಗಳಿಕೆಯನ್ನು ಕೇಳುತ್ತಾನೆಯೇ ಹೊರತು ಅದರ ಮೇಲೆ ಹಣವನ್ನು ಎಣಿಸುವುದಿಲ್ಲ. ಆದರೆ ಅದೇ ಮನೆಯ ಓದಿದ ಮಗನು, “ಸರ್, ಡಾಕ್ಟರರ ಕೈಯಾಗಿನ ಗಾಡಿ ಐತ್ರಿ, ಕಣ್ಣು ಮುಚ್ಚಿ ತಗೋರಿ” ಎಂಬ ದಲ್ಲಾಳಿಯ ಮಾತಿಗೆ ಮರುಳಾಗಿ ಲಕ್ಷಗಟ್ಟಲೆ ಹಣವನ್ನು ಕೊಡುವುದುಂಟು. ಕಣ್ಣು ಮುಚ್ಚಿ ಕೊಳ್ಳತಕ್ಕ ವಸ್ತು ಇದಲ್ಲ.

ಈ ವ್ಯಾಪಾರದ ತೊಡಕು ಎಲ್ಲಿದೆಯೆಂಬುದನ್ನು ಜಾರ್ಜ್ ಅಕೆರ್ಲಾಫ್ ಎಂಬ ಅಮೆರಿಕದ ಅರ್ಥಶಾಸ್ತ್ರಜ್ಞರು ೧೯೭೦ರಲ್ಲಿ ಒಂದು ಲೇಖನದಲ್ಲಿ ವಿವರಿಸಿದರು. ಕಾರಿನ ಗುಣದೋಷಗಳು ಮಾರುವವನಿಗೆ ತಿಳಿದಿರುತ್ತವೆ, ಕೊಳ್ಳುವವನಿಗೆ ತಿಳಿದಿರುವುದಿಲ್ಲ. ಆದುದರಿಂದ ಕೊಳ್ಳುವವನು ಅಂಜಿ, ಎಲ್ಲ ಕಾರುಗಳಿಗೂ ನಡುತರದ ಬೆಲೆಯನ್ನೇ ಹೇಳುತ್ತಾನೆ. ಒಳ್ಳೆಯ ಕಾರುಳ್ಳವನು ಆ ಬೆಲೆಗೆ ಒಪ್ಪದೆ ಹಿಂದೆ ಸರಿಯುತ್ತಾನೆ. ಕೆಟ್ಟ ಕಾರುಳ್ಳವನು ಸಂತೋಷದಿಂದ ಮುಂದೆ ಬರುತ್ತಾನೆ. ಹೀಗೆ ಪೇಟೆಯಲ್ಲಿ ಕೆಟ್ಟ ಮಾಲೇ ಹೆಚ್ಚುತ್ತದೆ. ಈ ವಿಚಾರಸರಣಿಗಾಗಿ ಅವರಿಗೆ ೨೦೦೧ರಲ್ಲಿ, ಮತ್ತಿಬ್ಬರೊಡನೆ, ನೊಬೆಲ್ ಪಾರಿತೋಷಕವು ದೊರೆಯಿತು. ಮಾರುವವನಿಗೆ ತಿಳಿದುದನ್ನು ಹಣ ಕೊಡುವ ಮೊದಲೇ ನಾವೂ ತಿಳಿದುಕೊಳ್ಳಬೇಕೆಂಬುದೇ ಇದರಿಂದ ನಾವು ಕಲಿಯತಕ್ಕ ಪಾಠ. ಅದಕ್ಕಾಗಿ ಮೂರು ಪ್ರಶ್ನೆಗಳನ್ನು ಕೇಳಬೇಕು: ಕಾರು ಯಾರದು? ಅದರ ಮೈ ಹೇಗಿದೆ? ಅದರ ನಡೆ ಹೇಗಿದೆ?

ಮೊದಲು, ಯಾರದು ಎಂಬುದು. ಕಾರಿನ ಹೊಳಪನ್ನು ನೋಡುವುದಕ್ಕೆ ಮುಂಚೆ ನೋಂದಣಿ ಪತ್ರವನ್ನು ಕೇಳಬೇಕು. ಅದರಲ್ಲಿರುವ ಚಾಸಿ ನಂಬರು ಮತ್ತು ಎಂಜಿನ್ನಿನ ನಂಬರುಗಳನ್ನು ಗಾಡಿಯ ಮೇಲೆ ಕೊರೆದಿರುವ ನಂಬರುಗಳೊಡನೆ ತಾಳೆ ನೋಡಬೇಕು. ಮಾರುವವನೇ ಪತ್ರದಲ್ಲಿರುವ ಮಾಲಿಕನೇ, ಆ ಮಾಲಿಕನು ಎಷ್ಟನೆಯವನು ಎಂಬುದನ್ನು ಗಮನಿಸಬೇಕು. ಬ್ಯಾಂಕಿನ ಸಾಲವು ಪತ್ರದಲ್ಲಿ ದಾಖಲಾಗಿದ್ದರೆ, ಸಾಲವು ತೀರಿತೆಂಬ ಬಾಯಿಮಾತು ಸಾಲದು. ಬ್ಯಾಂಕಿನ ಪತ್ರವೂ ೩೫ನೆಯ ನಮೂನೆಯೂ ಕೈಯಲ್ಲಿರಬೇಕು. ಪೋಲೀಸರ ದಂಡಗಳು ಬಾಕಿ ಇವೆಯೇ ಎಂಬುದನ್ನೂ ವಿಚಾರಿಸಬೇಕು.

ಧಾರವಾಡದ ಕಾರುಗಳಿಗೆ ಕೆಎ-೨೫, ಹುಬ್ಬಳ್ಳಿಯವಕ್ಕೆ ಕೆಎ-೬೩ ಎಂಬ ಗುರುತು. ಗೋವೆಯೂ ಮಹಾರಾಷ್ಟ್ರವೂ ಸಮೀಪದಲ್ಲಿರುವುದರಿಂದ ಆ ಕಡೆಯ ಕಾರುಗಳು ಕಡಮೆ ಬೆಲೆಗೆ ಸಿಕ್ಕಬಹುದು. ಆದರೆ ಪರರಾಜ್ಯದ ಕಾರನ್ನು ೧೨ ತಿಂಗಳಿಗಿಂತ ಹೆಚ್ಚು ಕಾಲ ಇಲ್ಲಿಟ್ಟರೆ ಇಲ್ಲಿಯ ನಂಬರನ್ನು ಪಡೆಯಲೇಬೇಕು. ಅದಕ್ಕೆ ಮೂಲ ಕಚೇರಿಯ ಆಕ್ಷೇಪಣೆಯಿಲ್ಲದ ಪತ್ರವೂ ಕರ್ನಾಟಕದ ತೆರಿಗೆಯೂ ಬೇಕು. ಇವನ್ನೆಲ್ಲ ಕೂಡಿಸಿದ ಮೇಲೆಯೇ ಅಗ್ಗವೋ ತುಟ್ಟಿಯೋ ಎಂಬುದನ್ನು ನಿಶ್ಚಯಿಸಬೇಕು. ಕಾರಿನ ವಯಸ್ಸೂ ಲೆಕ್ಕಕ್ಕೆ ಬರುತ್ತದೆ. ಮೊದಲ ನೋಂದಣಿಯು ೧೫ ವರ್ಷ ನಡೆಯುತ್ತದೆ. ಆ ಬಳಿಕ ಅದನ್ನು ನವೀಕರಿಸಬೇಕು. ೨೦೨೨ರ ಏಪ್ರಿಲಿನಲ್ಲಿ ಈ ನವೀಕರಣದ ಶುಲ್ಕವು ೬೦೦ ರೂಪಾಯಿಯಿಂದ ೫,೦೦೦ ರೂಪಾಯಿಗೆ ಏರಿತು.

ಎರಡನೆಯದು ಮೈ. ಕಾರನ್ನು ಹಗಲು ಹೊತ್ತಿನಲ್ಲಿ, ಬಯಲಿನಲ್ಲಿ ನೋಡಬೇಕು. ದೀಪದ ಬೆಳಕೂ ಮಳೆಯ ನೀರೂ ಬಣ್ಣದ ದೋಷಗಳನ್ನು ಮುಚ್ಚುತ್ತವೆ. ಬಾಗಿಲುಗಳ ಸಂದು ಎರಡೂ ಕಡೆ ಸಮನಾಗಿದೆಯೇ, ಒಂದು ತಗಡಿನ ಬಣ್ಣವು ಇನ್ನೊಂದಕ್ಕೆ ಹೊಂದುತ್ತದೆಯೇ, ಬಾನೆಟ್ಟಿನ ಬೋಲ್ಟುಗಳ ಮೇಲೆ ಪಾನದ ಗುರುತುಗಳಿವೆಯೇ ಎಂಬುದನ್ನು ಪರೀಕ್ಷಿಸಿದರೆ ಅಪಘಾತದ ಸುಳಿವು ಸಿಕ್ಕುತ್ತದೆ. ಅಯಸ್ಕಾಂತದ ಚೂರೊಂದನ್ನು ಉಕ್ಕಿನ ತಗಡಿಗೆ ಹಚ್ಚಿದಾಗ ಹಿಡಿಯದಿದ್ದರೆ ಒಳಗೆ ಪುಟ್ಟಿ ತುಂಬಿದೆಯೆಂದು ಸಂಶಯಪಡಬಹುದು. ಕಡಲ ತೀರದಲ್ಲಿದ್ದ ಕಾರಾದರೆ ಉಪ್ಪುಗಾಳಿಯಿಂದ ಅಡಿಭಾಗವು ತುಕ್ಕು ಹಿಡಿದಿರುವ ಸಂಭವವುಂಟು. ಬಗ್ಗಿ ನೋಡದೆ ಬಿಡಬಾರದು.

ಪ್ರವಾಹದಲ್ಲಿ ಮುಳುಗಿದ ಕಾರು ಇನ್ನೂ ಅಪಾಯಕರವಾದುದು. ೨೦೧೯ರ ಆಗಸ್ಟಿನಲ್ಲಿ ಕೊಲ್ಹಾಪುರ, ಸಾಂಗಲಿ, ಬೆಳಗಾವಿಗಳ ಸೀಮೆಯೆಲ್ಲ ನೀರಿನಲ್ಲಿ ನಿಂತುದನ್ನು ನಾವು ಮರೆತಿಲ್ಲ. ಅಂತಹ ಕಾರನ್ನು ಎಷ್ಟೇ ತೊಳೆದರೂ ವಿದ್ಯುತ್ತಿನ ತಂತಿಗಳ ಒಳಗಿನ ಕಿಲುಬು ಹೋಗುವುದಿಲ್ಲ. ಸೀಟಿನ ಪಟ್ಟಿಯನ್ನು ಕೊನೆಯವರೆಗೂ ಎಳೆದರೆ ಕೆಸರಿನ ಕಲೆ ಕಾಣಬಹುದು. ನೆಲಹಾಸಿನ ಕೆಳಗಣ ಮಣ್ಣು, ಸೀಟಿನ ಕಂಬಿಗಳ ತುಕ್ಕು, ಹೋಗದ ಮುಗ್ಗಲು ವಾಸನೆ ಇವೂ ಸಾಕ್ಷಿ ನುಡಿಯುತ್ತವೆ.

ಓಡಿದ ಮೈಲಿಗಳನ್ನು ತೋರಿಸುವ ಗಡಿಯಾರವನ್ನು ತಿದ್ದುವವರುಂಟು. ಅದು ೩೦,೦೦೦ ಕಿಲೋಮೀಟರು ತೋರಿಸುತ್ತಿದ್ದು, ಬ್ರೇಕಿನ ಪೆಡಲಿನ ರಬ್ಬರು ಸವೆದು ನುಣ್ಣಗಾಗಿದ್ದರೆ, ನಂಬತಕ್ಕದ್ದು ರಬ್ಬರನ್ನೇ. ಸರ್ವಿಸಿನ ದಾಖಲೆಗಳಲ್ಲಿ ಆಯಾ ದಿನಾಂಕದ ಓಟವು ಬರೆದಿರುತ್ತದೆ. ಅವನ್ನು ಕೇಳಿ ನೋಡಬೇಕು. ಟಯರಿನ ಪಕ್ಕದಲ್ಲಿ ನಾಲ್ಕು ಅಂಕಿಗಳಿರುತ್ತವೆ. ಮೊದಲೆರಡು ಅದು ತಯಾರಾದ ವಾರವನ್ನೂ ಕೊನೆಯೆರಡು ವರ್ಷವನ್ನೂ ತಿಳಿಸುತ್ತವೆ.

ಮೂರನೆಯದು ನಡೆ. ಎಂಜಿನ್ನು ತಣ್ಣಗಿರುವಾಗಲೇ ಅದನ್ನು ಚಾಲು ಮಾಡಬೇಕು. ಮೊದಲೇ ಬಿಸಿ ಮಾಡಿಟ್ಟಿದ್ದರೆ ಅದರ ಕಾರಣವನ್ನು ಕೇಳಬೇಕು. ನೀಲಿ ಹೊಗೆಯು ಎಣ್ಣೆ ಉರಿಯುತ್ತಿರುವುದನ್ನೂ, ಕಪ್ಪು ಹೊಗೆಯು ಇಂಧನವು ಸರಿಯಾಗಿ ಉರಿಯದಿರುವುದನ್ನೂ, ಬಿಸಿಯಾದ ಮೇಲೂ ನಿಲ್ಲದ ದಟ್ಟವಾದ ಬಿಳಿ ಹೊಗೆಯು ತಂಪಿನ ನೀರು ಒಳಗೆ ಸೋರುತ್ತಿರಬಹುದೆಂಬುದನ್ನೂ ಸೂಚಿಸುತ್ತವೆ. ಅನಂತರ ಬೈರಿದೇವರಕೊಪ್ಪದಿಂದ ಧಾರವಾಡದ ಕಡೆಗೆ ಸಾಗಬೇಕು. ಧಾರವಾಡವು ಹುಬ್ಬಳ್ಳಿಗಿಂತ ಎತ್ತರದಲ್ಲಿರುವುದರಿಂದ ಪರೀಕ್ಷೆಗೆ ಬೇಕಾದ ಏರು ದಾರಿಯಲ್ಲಿಯೇ ದೊರೆಯುತ್ತದೆ. ಏರಿನಲ್ಲಿ ಎಂಜಿನ್ನು ಕೂಗಿಕೊಂಡರೂ ವೇಗವು ಹೆಚ್ಚದಿದ್ದರೆ ಕ್ಲಚ್ಚು ಸವೆದಿದೆಯೆಂದು ತಿಳಿಯಬಹುದು. ಬ್ರೇಕು ಹಾಕಿದಾಗ ಗಾಡಿಯು ಒಂದು ಮಗ್ಗುಲಿಗೆ ಎಳೆಯಬಾರದು. ಕಡೆಯಲ್ಲಿ ನಮ್ಮ ನಂಬಿಕೆಯ ಮೆಕ್ಯಾನಿಕ್ಕಿಗೆ ಕಾರನ್ನು ತೋರಿಸಬೇಕು. ಮಾರುವವನು ಕರೆತಂದ ಮೆಕ್ಯಾನಿಕ್ಕು ನಮ್ಮ ಸಾಕ್ಷಿಯಲ್ಲ. ಹೀಗೆ ತೋರಿಸುವುದಕ್ಕೆ ಮಾರುವವನು ಒಪ್ಪದಿದ್ದರೆ ಆ ನಿರಾಕರಣೆಯೇ ಉತ್ತರವೆಂದು ತಿಳಿದು ಹಿಂದಿರುಗುವುದು ಲೇಸು.

ಹಣ ಕೊಟ್ಟು ಕೀಲಿಕೈ ಪಡೆದೊಡನೆ ಕೆಲಸವು ಮುಗಿಯಿತೆಂದು ಅನೇಕರು ಭಾವಿಸುತ್ತಾರೆ. ೧೯೮೮ರ ಮೋಟಾರು ವಾಹನಗಳ ಕಾನೂನಿನ ಪ್ರಕಾರ, ರಾಜ್ಯದೊಳಗಣ ಮಾರಾಟವನ್ನು ಮಾರಿದವನು ೧೪ ದಿನಗಳಲ್ಲಿಯೂ ಕೊಂಡವನು ೩೦ ದಿನಗಳಲ್ಲಿಯೂ ಸಾರಿಗೆ ಕಚೇರಿಗೆ ತಿಳಿಸಬೇಕು. ೨೯ ಮತ್ತು ೩೦ನೆಯ ನಮೂನೆಗಳು ಇದಕ್ಕಾಗಿಯೇ ಇವೆ. ಉದಾಸೀನದ ಫಲವನ್ನು ಒಂದು ಮೊಕದ್ದಮೆಯು ತೋರಿಸಿಕೊಟ್ಟಿದೆ. ೨೦೦೭ರಲ್ಲಿ ಮಾರಿದ ಕಾರೊಂದು ಹಲವರ ಕೈ ದಾಟಿತು. ೨೦೦೯ರಲ್ಲಿ ಅದರಿಂದ ಒಬ್ಬ ಬಾಲಕನು ಸತ್ತನು. ನೋಂದಣಿಯಲ್ಲಿ ಮಾತ್ರ ಮೊದಲಿನವನ ಹೆಸರೇ ಉಳಿದಿತ್ತು. ಹೆಸರುಳ್ಳವನೇ ಪರಿಹಾರಕ್ಕೆ ಹೊಣೆಯೆಂದು ಸುಪ್ರೀಮ್ ಕೋರ್ಟು ೨೦೧೮ರಲ್ಲಿ ತೀರ್ಪು ಕೊಟ್ಟಿತು.

ಕೊಂಡವನಿಗೂ ಇದರಲ್ಲಿ ನಷ್ಟವುಂಟು. ವಿಮೆಯನ್ನು ತನ್ನ ಹೆಸರಿಗೆ ಮಾಡಿಸಿಕೊಳ್ಳಲು ೧೪ ದಿನಗಳೊಳಗೆ ಅರ್ಜಿ ಕೊಡಬೇಕು. ಅದುವರೆಗೆ ಪರರಿಗಾದ ಹಾನಿಯ ರಕ್ಷಣೆಯು ಗಾಡಿಯೊಡನೆ ಬರುತ್ತದೆ; ಗಾಡಿಗೇ ಆದ ಹಾನಿಯ ರಕ್ಷಣೆಯು ತಾನಾಗಿ ಬರುವುದಿಲ್ಲ. ಹಿಂದಿನವನು ಗಳಿಸಿದ ವಿಮೆಯ ರಿಯಾಯಿತಿಯೂ ಅವನೊಡನೆಯೇ ಹೋಗುತ್ತದೆ.

ಸರಕಿನ ಗುಣವನ್ನು ಕೊಳ್ಳುವವನೇ ವಿಚಾರಿಸಿಕೊಳ್ಳಬೇಕೆಂಬುದು ೧೯೩೦ರ ಸರಕು ಮಾರಾಟ ಕಾನೂನಿನ ಸಾಮಾನ್ಯ ಸೂತ್ರ. ಅದಕ್ಕೆ ಕೆಲವು ಅಪವಾದಗಳಿದ್ದರೂ, ಕೋರ್ಟಿನ ಮೆಟ್ಟಲು ಹತ್ತಿ ನ್ಯಾಯ ಪಡೆಯುವುದಕ್ಕಿಂತ ಎರಡು ದಿನ ತಡೆದು ನೋಡಿ ಕೊಳ್ಳುವುದು ಸುಲಭ. ಸಂಸಾರವಂದಿಗರು ವರ್ಷಗಟ್ಟಲೆ ಕೂಡಿಟ್ಟ ಹಣ ಅದು. ಆ ಕಾರಿನಲ್ಲಿ ಕೂಡತಕ್ಕವರೂ ನಮ್ಮ ಮನೆಯ ಮಕ್ಕಳೂ ಹಿರಿಯರೂ ಅಲ್ಲವೆ?